ಹೆರಿಗೆ ವಾರ್ಡಿನ ಕಿಟಕಿ, ಮೂಕವಾದ ಫೋನು

2023ರ ಜುಲೈ 10, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಆಗ ನಾನು ಔರಾದಿನಲ್ಲಿದ್ದೆ. ಬೀದರ ನಗರದ ಒಂದು ಖಾಸಗಿ ಆಸ್ಪತ್ರೆಗೆ ಭಾಲ್ಕಿ ಮತ್ತು ಔರಾದಿನಲ್ಲಿ ಒಂದೊಂದು ಸಣ್ಣ ಕ್ಲಿನಿಕ್ ಇವೆ. ಮೂರೂ ಕಡೆಯ ಕಂಪ್ಯೂಟರ್ ಜಾಲ, ವೈಫೈ ಮತ್ತು ಫೋನುಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಎಂಜಿನಿಯರ್ ನಾನು. ಅದು ನನ್ನ ನೌಕರಿಯ ಎರಡನೇ ವರ್ಷ. ಮನೆ ಭಾಲ್ಕಿಯಲ್ಲಿ. ಎಲ್ಲಿ ಏನು ಕೆಟ್ಟಿತು, ಯಾವಾಗ ಸರಿಯಾಯಿತು ಎಂದು ಅಂದಂದೇ ಬರೆದಿಡುವುದು ನನ್ನ ರೂಢಿ. ಇಲ್ಲಿಯ ದಿನಾಂಕಗಳು ಆ ಡೈರಿಯವು.

ಆ ಬೆಳಿಗ್ಗೆ ಔರಾದಿನ ಕ್ಲಿನಿಕ್ಕಿನಲ್ಲಿ ಔಷಧಿ ಕೊಡುವವರು ಮೊಬೈಲ್ ಹಿಡಿದು ಮಾಳಿಗೆ ಹತ್ತಿ ಮಾತಾಡುತ್ತಿದ್ದರು. ಆ ಕಡೆ ಅದು ಯಾರ ಕಣ್ಣಿಗೂ ಬೀಳದ ಸಂಗತಿ. ಗಡಿಯ ಹಳ್ಳಿಗಳಲ್ಲಿ ಫೋನು ಒಮ್ಮೆ ನಮ್ಮ ಟವರ್ ಹಿಡಿಯುತ್ತದೆ, ಒಮ್ಮೆ ಮಹಾರಾಷ್ಟ್ರದ್ದು. ಮಾತು ಕಡಿಯಿತೆಂದರೆ ಜನ ಕಿಟಕಿಗೋ ಮಾಳಿಗೆಗೋ ನಡೆಯುತ್ತಾರೆ. ನಾನೂ ಅದನ್ನು ನೋಡಿ ಸುಮ್ಮನಿದ್ದೆ.

ಅಷ್ಟರಲ್ಲಿ ಬೀದರಿನಿಂದ ಡಾ. ನುಸ್ರತ್ ಅವರ ಕರೆ ಬಂತು. ಅವರು ಆಸ್ಪತ್ರೆಯ ಹೆರಿಗೆ ತಜ್ಞರು, ಏರುದನಿಯಲ್ಲಿ ಮಾತಾಡಿದವರಲ್ಲ. ಅಂದೂ ದನಿ ಏರಿಸಲಿಲ್ಲ.

"ಸುಜಾತಾ, ಇವತ್ತು ನಿಮ್ಮ ಫೋನಿನ ಸಲುವಾಗಿ ಒಂದು ಜೀವ ಹೋಗ್ತಿತ್ರಿ. ಸಂಜಿತನಕ ತಡ ಮಾಡಬ್ಯಾಡ್ರಿ, ಈಗ ಬರ್ರಿ."

ಸಿಕ್ಕ ಮೊದಲ ಬಸ್ಸು ಹತ್ತಿದೆ.

ನಡೆದದ್ದು ಇಷ್ಟು. ನೆಲಮಹಡಿಯ ಹೆರಿಗೆ ವಾರ್ಡಿನಲ್ಲಿ ಒಬ್ಬ ಬಾಣಂತಿಗೆ ಇದ್ದಕ್ಕಿದ್ದಂತೆ ರಕ್ತಸ್ರಾವ ಶುರುವಾಗಿತ್ತು. ವಾರ್ಡಿನ ಹಿರಿಯ ನರ್ಸ್ ಕಲಾವತಿ ಸಿಸ್ಟರ್ ಎರಡನೇ ಮಹಡಿಯಲ್ಲಿದ್ದ ಡಾ. ನುಸ್ರತ್ ಅವರಿಗೆ ಮೂರು ಸಲ ಕರೆ ಮಾಡಿದರು. ಮೂರು ಸಲವೂ ವೈದ್ಯರು ಎತ್ತಿದರು, ಏನೂ ಕೇಳಿಸಲಿಲ್ಲ, ಜೇಬಿನಲ್ಲಿ ಗುಂಡಿ ಒತ್ತಿರಬೇಕೆಂದು ಕಟ್ ಮಾಡಿದರು. ಕೊನೆಗೆ ಸಿಸ್ಟರ್ ರೋಗಿಯನ್ನು ಕಿರಿಯ ನರ್ಸಿನ ಕೈಗೆ ಬಿಟ್ಟು ಮೆಟ್ಟಿಲು ಹತ್ತಿ ಓಡಿದರು. ಬಾಣಂತಿ ಉಳಿದಳು.

ಮಧ್ಯಾಹ್ನ ನಾನು ತಲುಪಿದಾಗ ಕಲಾವತಿ ಸಿಸ್ಟರ್ ಕೈ ತೊಳೆಯುತ್ತಿದ್ದರು. ಔರಾದ ಕಡೆಯ ಹಳ್ಳಿಯವರು, ಇಪ್ಪತ್ತು ವರ್ಷದ ಅನುಭವ. ನನ್ನನ್ನು ಕಂಡು ನಲ್ಲಿ ನಿಲ್ಲಿಸಿದರು.

"ಡಾಕ್ಟ್ರ ಮಾತು ನನಗ ಸಾಫ್ ಕೇಳಸ್ತಿತ್ತು ತಂಗಿ. 'ಹಲೋ ಯಾರು, ಹಲೋ ಯಾರು' ಅಂತಿದ್ರು. ನಾ ಇಲ್ಲಿ ಒದರ್ಲಿಕತ್ತೀನಿ, ಅವರಿಗಿ ಒಂದಕ್ಷರ ಮುಟ್ಟವಲ್ದು. ಕನಸಿನ್ಯಾಗ ಒದರಿದಂಗ ಆಯ್ತು."

ಎಲ್ಲಿ ನಿಂತು ಮಾತಾಡಿದಿರಿ ಎಂದು ಕೇಳಿದೆ. "ಇಲ್ಲೇ" ಎಂದು ಬಾಗಿಲ ಪಕ್ಕದ ಮೇಜು ತೋರಿಸಿದರು. ವಾರ್ಡಿನ ತಂತಿಯಿಲ್ಲದ ಫೋನು, ಅಂದರೆ ಹ್ಯಾಂಡ್‌ಸೆಟ್, ಇಡುವ ಜಾಗ ಅದೇ. ನಾನೂ ಅದನ್ನೇ ಬರೆದುಕೊಂಡೆ.

ಈ ಫೋನು ಹೇಗೆ ಮಾತಾಡುತ್ತದೆ ಎಂದು ಇಲ್ಲಿ ಹೇಳಲೇಬೇಕು. ಅದರಲ್ಲಿ ಸಿಮ್ ಇಲ್ಲ. ಅದು ಆಡಿದ ಮಾತನ್ನು ಸೆಕೆಂಡಿಗೆ ಐವತ್ತು ತುಣುಕುಗಳಾಗಿ ಕತ್ತರಿಸಿ ವೈಫೈ ಮೇಲೆ ಕಳಿಸುತ್ತದೆ. ಈ ತುಣುಕುಗಳಿಗೆ ಪ್ಯಾಕೆಟ್ ಎನ್ನುತ್ತೇವೆ. ಚಾವಣಿಗೆ ಅಂಟಿಸಿದ ಬಿಳಿ ಡಬ್ಬಿ, ಅಂದರೆ ಆ್ಯಕ್ಸೆಸ್ ಪಾಯಿಂಟ್, ಅವನ್ನು ಹಿಡಿದು ಕೇಬಲ್ ಮೂಲಕ ಸರ್ವರಿಗೆ ದಾಟಿಸುತ್ತದೆ. ಅಲ್ಲಿಂದ ಮೇಲಿನ ಮಹಡಿಯ ಇನ್ನೊಂದು ಡಬ್ಬಿಗೆ, ಅದರಿಂದ ವೈದ್ಯರ ಹ್ಯಾಂಡ್‌ಸೆಟ್ಟಿಗೆ. ಇ-ಮೇಲ್ ಎರಡು ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾತಿನ ತುಣುಕು ಹಾಗೆ ಕಾಯುವಂತಿಲ್ಲ. ತಡವಾಗಿ ಬಂದದ್ದನ್ನು ಫೋನು ಎಸೆದುಬಿಡುತ್ತದೆ. ಅದಕ್ಕೇ ಜಾಲದ ಸರದಿಯಲ್ಲಿ ಮಾತನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸುತ್ತೇವೆ. ಇನ್ನೊಂದು ಮಾತು: ಒಂದು ಕರೆಯಲ್ಲಿ ಇರುವುದು ಎರಡು ದಾರಿ, ಹೋಗುವುದೊಂದು, ಬರುವುದೊಂದು. ಒಂದು ಮುಚ್ಚಿದರೂ ಇನ್ನೊಂದು ತೆರೆದೇ ಇರಬಹುದು. ಸಿಸ್ಟರಿಗೆ ಆದದ್ದು ಅದು.

ಆ ಸಂಜೆ ನಾನು ಹೊರಡುವ ಮುಂಚೆ ಡಾ. ನುಸ್ರತ್ ನನ್ನನ್ನು ಕೂರಿಸಿಕೊಂಡು ಗುರುವಾರದ ಮಾತು ತೆಗೆದರು. ಗಡಿಯ ಹಳ್ಳಿಯಿಂದ ರುಕ್ಮಿಣಿ ಎಂಬ ಹುಡುಗಿ ಎರಡನೇ ಹೆರಿಗೆಗೆ ಬರುವವಳಿದ್ದಳು. ಮೈಯಲ್ಲಿ ರಕ್ತ ಕಡಿಮೆ, ಮೊದಲ ಹೆರಿಗೆಯಲ್ಲೂ ಸ್ರಾವವಾಗಿತ್ತು. ಇನ್ನು ಮುಂದೆ ಖಾಲಿ ಕರೆ ಬಂದರೂ ಇಳಿದು ಬರುತ್ತೇನೆ ಎಂದರು. ಆಮೇಲೆ, "ಆದ್ರ ಮ್ಯಾಲ ಒಬ್ಬಾಕಿ ಹೊಟ್ಟಿ ಕೊಯ್ದಿರ್ತೇನಿ ಅಂತ ಇಟ್ಕೋರಿ. ಅಕಿನ್ನ ಬಿಟ್ಟು ಹ್ಯಾಂಗ ಬರ್ಲಿ? ಕೆಳಗ ಏನಾಗ್ಯದ ಅಂತ ಕೇಳಸಬೇಕಲ್ರಿ, ಕೇಳಿಸಿದ್ರನ ಇಂಥಾ ಇಂಜೆಕ್ಷನ್ ಕೊಡ್ರಿ ಅಂತ ಹೇಳಬಹುದು" ಎಂದರು. ಗುರುವಾರ ಎಂದು ಡೈರಿಯಲ್ಲಿ ಬರೆದುಕೊಂಡೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ವಾರ್ಡಿನ ಮೇಜಿನ ಬಳಿ ನಿಂತು ಮೂವತ್ತು ಕರೆ ಮಾಡಿದೆ. ಮೂವತ್ತೂ ಸ್ವಚ್ಛ. ಸರ್ವರ್ ಸರಿ, ಕೇಬಲ್ ಸರಿ, ಮಾತಿಗೆ ಕೊಟ್ಟ ಮೊದಲ ಸರದಿಯೂ ಸರಿ. ಸಂಜೆ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ನನಗೆ ನಿಜವಾದ ಭಯ ಹತ್ತಿತು. ಕೆಟ್ಟುನಿಂತ ಯಂತ್ರವನ್ನಾದರೆ ರಿಪೇರಿ ಮಾಡಬಹುದು. ನಾನು ನೋಡುವಾಗ ಸರಿಯಿದ್ದು, ನೋಡದಾಗ ಕೆಡುವುದನ್ನು ಏನು ಮಾಡುವುದು? ಊಟ ಸೇರಲಿಲ್ಲ. ಅವ್ವ ಕಾರಣ ಕೇಳಿದರೆ ತಲೆನೋವು ಎಂದೆ.

ಬುಧವಾರ ಆ್ಯಕ್ಸೆಸ್ ಪಾಯಿಂಟ್‌ಗಳ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದೆ. ನೆಲಮಹಡಿಯ ಡಬ್ಬಿಗಳೆಲ್ಲ ಪೂರ್ತಿ ಶಕ್ತಿಯಲ್ಲಿದ್ದವು. ಆಸ್ಪತ್ರೆಯ ಮ್ಯಾನೇಜರ್ ಖಲೀಲ್ ಸಾಹೇಬರನ್ನು ಕೇಳಿದೆ. ಹಳೆಯ ಗುತ್ತಿಗೆದಾರನಿಗೆ ಹೇಳಿ ತಾವೇ ಮಾಡಿಸಿದ್ದಾಗಿ ಹೆಮ್ಮೆಯಿಂದ ಹೇಳಿದರು. ನೆಲಮಹಡಿ ಹಳೆಯ ಕಟ್ಟಡ, ಕೆಂಪು ಮುರಕಲ್ಲಿನ ದಪ್ಪ ಗೋಡೆ. ಸಿಗ್ನಲ್ ಇಲ್ಲವೆಂದು ದಿನವೂ ದೂರು ಬರುತ್ತಿದ್ದವಂತೆ.

"ಈಗ ನೋಡು ಬೇಟಿ, ಎಲ್ಲಿ ನಿಂತರೂ ಕಡ್ಡಿ ಪೂರಾ ನಾಕಕ್ಕ ನಾಕು. ಮತ್ತೇನು ಬೇಕು?"

ನನಗೆ ಸಣ್ಣ ಸಂಶಯ ಬಂತು. ಫೋನಿನ ಮೇಲಿನ ಕಡ್ಡಿಗಳು ಹೇಳುವುದು ಡಬ್ಬಿಯ ದನಿ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ಫೋನಿನ ದನಿ ಡಬ್ಬಿಗೆ ಕೇಳುತ್ತಿದೆಯೇ ಎಂಬುದನ್ನಲ್ಲ. ಡಬ್ಬಿಗೆ ಗೋಡೆಯಿಂದ ಕರೆಂಟು ಬರುತ್ತದೆ, ಅದು ಕೂಗಬಲ್ಲದು. ಫೋನಿಗಿರುವುದು ಸಣ್ಣ ಬ್ಯಾಟರಿ, ಅದು ಪಿಸುಗುಟ್ಟುತ್ತದೆ. ಆದರೆ ಮೂವತ್ತು ಕರೆ ಸರಿಯಾಗಿ ಹೋಗಿದ್ದವಲ್ಲ? ಕಾರಣ ಖಚಿತವಿಲ್ಲದೆ ಶಕ್ತಿ ಇಳಿಸಿದರೆ ಬೇರೆ ವಾರ್ಡಿನ ಫೋನು ಸತ್ತೀತು. ಖಾತ್ರಿ ಇಲ್ಲದ್ದನ್ನು ನಾಳೆ ಹೆರಿಗೆ ಮುಗಿಯುವ ತನಕ ಮುಟ್ಟಬೇಡಿ ಎಂದು ಡಾ. ನುಸ್ರತ್ ಹೇಳಿದರು. ಸರಿಯೆನಿಸಿತು. ವಾರ್ಡಿನಿಂದ ಆಪರೇಷನ್ ಥಿಯೇಟರಿಗೆ ಒಂದು ಸಾದಾ ಕಾಲಿಂಗ್ ಬೆಲ್ ಎಳೆಸಿ ಎಂದು ಖಲೀಲ್ ಸಾಹೇಬರನ್ನು ಕೇಳಿಕೊಂಡೆ. ಹಳೆಯ ಇಂಟರ್‌ಕಾಮ್ ತಂತಿಗಳನ್ನು ಬಣ್ಣ ಹೊಡೆಯುವಾಗಲೇ ಕಿತ್ತಿದ್ದರು. ಎಲೆಕ್ಟ್ರಿಷಿಯನ್ ನಾಳೆ ಬರ್ತಾನೆ ಎಂದರು.

ಗುರುವಾರ, ಜುಲೈ 13. ಎಲೆಕ್ಟ್ರಿಷಿಯನ್ ಬಂದಿರಲಿಲ್ಲ. ರುಕ್ಮಿಣಿ ಬಂದಿದ್ದಳು, ಅವಳ ಜೊತೆ ಎರಡು ಟೆಂಪೋ ಜನ. ನಮ್ಮ ಕಡೆ ಹೆರಿಗೆಗೆ ಒಬ್ಬಳು ಬಂದರೆ ಅತ್ತೆ, ಅವ್ವ, ಚಿಕ್ಕವ್ವ, ಮಾವಂದಿರು, ಅವರ ಮಕ್ಕಳು ಎಲ್ಲ ಬರುತ್ತಾರೆ. ಕಾರಿಡಾರಿನಲ್ಲಿ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಸರಿಯಾಗಿ ನನ್ನ ಆ್ಯಕ್ಸೆಸ್ ಪಾಯಿಂಟ್ ಕೆಳಗೆ ಕೂತಿದ್ದರು. ಬಹಳ ಜನರ ಕೈಯಲ್ಲಿ ಮೊಬೈಲು, ಎಲ್ಲವೂ ಆಸ್ಪತ್ರೆಯ ವೈಫೈ ಮೇಲೆ. ನಾನು ಲ್ಯಾಪ್‌ಟಾಪ್ ಹಿಡಿದು ವಾರ್ಡಿನ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತೆ.

ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ಡಾ. ನುಸ್ರತ್ ಅರ್ಧ ಗಂಟೆ ಕಾದು ನೋಡಿದರು, ಎಲ್ಲ ಸರಿಯಿತ್ತು. ಮೇಲೆ ತುರ್ತಾಗಿ ಇನ್ನೊಬ್ಬಳಿಗೆ ಸಿಸೇರಿಯನ್ ಮಾಡಬೇಕಾಗಿತ್ತು, ಹೋದರು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದರು. ಥಿಯೇಟರಿನಲ್ಲಿ ಅವರ ಹ್ಯಾಂಡ್‌ಸೆಟ್ಟನ್ನು ಸ್ಪೀಕರಿಗೆ ಹಾಕಿಡುವುದೆಂದು ಮೊದಲೇ ಮಾತಾಗಿತ್ತು.

ಸ್ವಲ್ಪ ಹೊತ್ತಿಗೆ ವಾರ್ಡಿನೊಳಗೆ ಟ್ರೇ ಸಪ್ಪಳ, ಚುರುಕು ಹೆಜ್ಜೆಗಳು. ರುಕ್ಮಿಣಿಗೆ ರಕ್ತಸ್ರಾವ ಶುರುವಾಗಿತ್ತು, ಕಿರಿಯ ನರ್ಸ್ ಅವಳ ಹೊಟ್ಟೆ ಒತ್ತಿ ಹಿಡಿದಿದ್ದಳು. ಕಲಾವತಿ ಸಿಸ್ಟರ್ ಮೇಜಿನ ಮೇಲಿನ ಫೋನ್ ಎತ್ತಿ, ಸ್ಪೀಕರ್ ಹಾಕಿ, ಗುಂಡಿ ಒತ್ತಿದರು. ಕರೆ ಹೋಯಿತು. ಮೇಲಿನಿಂದ ವೈದ್ಯರ ಹಲೋ ನನಗೂ ಸಣ್ಣಗೆ ಕೇಳಿಸಿತು. ಸಿಸ್ಟರ್ ಮಾತಾಡುತ್ತ ನಡೆದರು. ಮೇಜು ಬಿಟ್ಟು, ಮಂಚಗಳ ಸಾಲು ದಾಟಿ, ವಾರ್ಡಿನ ಆಚೆ ತುದಿಯ ಕಿಟಕಿಗೆ. ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಮುಖ ಹೊರಗೆ ಮಾಡಿ ಒದರತೊಡಗಿದರು. ಮೇಲಿನ ದನಿ ಹಲೋ, ಹಲೋ ಎನ್ನುತ್ತಲೇ ಇತ್ತು.

ನನ್ನ ಪರದೆಯ ಮೇಲೆ ಆ ಫೋನಿನ ದನಿ ಡಬ್ಬಿಗೆ ಎಷ್ಟು ಕೇಳುತ್ತಿದೆ ಎಂಬ ಅಂಕಿ ಇತ್ತು. ಮೈನಸ್ ಇರುವ ಅಂಕಿ ಅದು, ಸೊನ್ನೆಯಿಂದ ದೂರ ಹೋದಷ್ಟೂ ದನಿ ಕ್ಷೀಣ. ಮಾತಿಗೆ ಮೈನಸ್ 67ರ ಈಚೆಗಿರಬೇಕು. ಮೇಜಿನ ಬಳಿ 58 ಇದ್ದದ್ದು ನನ್ನ ಕಣ್ಣೆದುರೇ 70, 76, 82ಕ್ಕೆ ಇಳಿಯಿತು. ನಡುವೆ ಮುರಕಲ್ಲಿನ ಗೋಡೆ, ಡಬ್ಬಿಯ ಕೆಳಗೆ ಅಷ್ಟು ಮೊಬೈಲುಗಳ ಗದ್ದಲ. ಡಬ್ಬಿಯ ಕೂಗು ಸಿಸ್ಟರಿಗೆ ಮುಟ್ಟುತ್ತಿತ್ತು. ಸಿಸ್ಟರ ಪಿಸುದನಿ ಡಬ್ಬಿಗೆ ಮುಟ್ಟುತ್ತಿರಲಿಲ್ಲ. ಸೋಮವಾರವೂ ಸಿಸ್ಟರ್ ಮೇಜಿನ ಬಳಿ ಕರೆ ಶುರುಮಾಡಿ ಹೀಗೇ ಕಿಟಕಿಗೆ ನಡೆದಿರಬೇಕು. ಮಂಗಳವಾರ ನಾನು ನಿಂತದ್ದು ಖಾಲಿ ಕಾರಿಡಾರಿನ ಪಕ್ಕ, ಮೇಜಿನ ಬಳಿ.

ಬಾಗಿಲಿಗೆ ಹೋಗಿ ಕೂಗಿದೆ, "ಸಿಸ್ಟರ್, ಕಿಟಕಿ ಬಿಡ್ರಿ. ಇಲ್ಲಿ ಬಾಗಲಕ ಬರ್ರಿ."

ಅವರು ತಿರುಗಿದರು, ಕೈ ಸರಳು ಬಿಡಲಿಲ್ಲ. "ಟಾವರ್ ಇಲ್ಲೇ ಬರ್ತದಲ್ಲ ತಂಗಿ, ಫುಲ್ ಅದ ನೋಡು."

"ಅದು ಹೊರಗಿನ ಟಾವರ್ ಅಲ್ರಿ. ನಿಮ್ಮ ಟಾವರ್ ನನ್ನ ತಲಿ ಮ್ಯಾಲ ಅದ. ಬರ್ರಿ."

ಅವರು ಓಡಿ ಬಂದರು. ಬಾಗಿಲ ಬಳಿ ಬರುತ್ತಿದ್ದ ಹಾಗೆ ಮೇಲಿನ ಹಲೋ ನಿಂತಿತು. ಡಾ. ನುಸ್ರತ್ ದನಿ ಸ್ಪಷ್ಟವಾಗಿ, ಅವಸರವಿಲ್ಲದೆ ಬಂತು: "ಕೇಳಸ್ತದ ಕಲಾವತಿ, ಹೇಳು."

ಸಿಸ್ಟರ್ ಹೇಳಿದರು. ಯಾವ ಇಂಜೆಕ್ಷನ್, ಎಷ್ಟು, ರಕ್ತಕ್ಕೆ ಯಾರಿಗೆ ಹೇಳಬೇಕು, ಕೈ ಎಲ್ಲಿ ಒತ್ತಿ ಹಿಡಿಯಬೇಕು ಎಂದು ವೈದ್ಯರು ಒಂದೊಂದಾಗಿ ಹೇಳುತ್ತ ಹೋದರು. ಸಿಸ್ಟರ್ ಪ್ರತಿಯೊಂದನ್ನೂ ಮತ್ತೆ ಹೇಳಿ ಕಿರಿಯ ನರ್ಸಿಗೆ ಸನ್ನೆ ಮಾಡಿದರು. ನಾನು ಹೊಸ್ತಿಲ ಮೇಲೆ ನಿಂತು ಆ ಅಂಕಿಯನ್ನೇ ನೋಡುತ್ತಿದ್ದೆ. 60. 59. 61. ಅದು ಇಳಿಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ; ಯಾರನ್ನು ಬೇಡಿಕೊಂಡೆನೋ ನೆನಪಿಲ್ಲ. ಮೇಲೆ ಹೊಲಿಗೆ ಮುಗಿಸಿ ವೈದ್ಯರು ಕೆಳಗೆ ಬರುವ ಹೊತ್ತಿಗೆ ಸ್ರಾವ ಹತೋಟಿಗೆ ಬಂದಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ರುಕ್ಮಿಣಿ ಭಾನುವಾರ ಎದ್ದು ಕೂತು ಊಟ ಮಾಡಿದಳು.

ಆ ಗುರುವಾರ ಸಂಜೆಯೇ ಅವಳ ಅತ್ತೆ ನನ್ನನ್ನು ಕಾರಿಡಾರಿನಲ್ಲಿ ಹಿಡಿದು, ನೀನೂ ಡಾಕ್ಟರೇನವ್ವ ಎಂದು ಕೇಳಿದರು. ಅಲ್ಲ, ಫೋನ್ ನೋಡಾಕಿ ಎಂದೆ. ಹಂಗಾದ್ರ ನನ್ನ ಫೋನಿನ್ಯಾಗೂ ಆವಾಜ್ ಬರವಲ್ದು, ನೋಡಿಕೊಡು ಎಂದು ಸೊಂಟದ ಚೀಲದಿಂದ ತೆಗೆದುಕೊಟ್ಟರು. ವಾಲ್ಯೂಮ್ ಕಡಿಮೆಯಿತ್ತು. ಏರಿಸಿ ಕೊಟ್ಟೆ. ನಾಲ್ಕು ದಿನಗಳಲ್ಲಿ ನಾನು ನಕ್ಕದ್ದು ಆಗಲೇ.

ಮುಂದಿನ ವಾರ ಎಲ್ಲ ಡಬ್ಬಿಗಳ ಶಕ್ತಿಯನ್ನು ಹ್ಯಾಂಡ್‌ಸೆಟ್ಟಿನ ಶಕ್ತಿಗೆ ಸಮ ಮಾಡಿದೆ. ಕೂಗು ಎಷ್ಟು ದೂರವೋ ಮಾರುತ್ತರವೂ ಅಷ್ಟೇ ದೂರ. ಫೋನು ಒಂದು ಡಬ್ಬಿಯನ್ನು ಬಿಟ್ಟು ಹತ್ತಿರದ ಇನ್ನೊಂದಕ್ಕೆ ಹೋಗುವುದನ್ನು, ಅಂದರೆ ರೋಮಿಂಗ್, ತೀರ್ಮಾನಿಸುವುದು ಫೋನೇ. ದೂರದ ಡಬ್ಬಿ ಜೋರಾಗಿ ಕೂಗುತ್ತಿದ್ದರೆ ಅದು ಅಲ್ಲಿಗೇ ಅಂಟಿಕೊಂಡಿರುತ್ತದೆ; ಕೂಗು ಇಳಿದ ಮೇಲೆ ಹತ್ತಿರದ ಡಬ್ಬಿಗೆ ಸರಿಯತೊಡಗಿತು. ರೋಗಿಗಳ ಕಡೆಯವರ ಮೊಬೈಲುಗಳನ್ನು ಬೇರೆ ಬ್ಯಾಂಡಿಗೆ, ಅಂದರೆ ವೈಫೈಯ ಬೇರೆ ತರಂಗಾಂತರಕ್ಕೆ, ಸರಿಸಿದೆ. ಖಲೀಲ್ ಸಾಹೇಬರು ಫೋನ್ ಹಿಡಿದು ವಾರ್ಡೆಲ್ಲ ಸುತ್ತಿ ಬಂದು, ರಿಪೇರಿ ಅಂತೀ, ಕಡ್ಡಿ ಅರ್ಧಕ್ಕ ಇಳದಾವಲ್ಲ ಬೇಟಿ ಎಂದರು. ಪಕ್ಕದಲ್ಲಿದ್ದ ಡಾ. ನುಸ್ರತ್ ಕಡತದಿಂದ ತಲೆ ಎತ್ತಲಿಲ್ಲ. "ಕಡ್ಡಿ ಎಣಸಬ್ಯಾಡ್ರಿ ಖಲೀಲ್ ಸಾಬ್. ನನಗ ಕಲಾವತಿ ಮಾತು ಕೇಳಸ್ತದ." ಬೆಲ್ಲಿನ ತಂತಿ ಮರುದಿನವೇ ಬಂತು.

ಕಲಾವತಿ ಸಿಸ್ಟರಿಗೆ ಕಿಟಕಿಗೆ ಹೋಗಬೇಡಿ ಎಂದು ಹೇಳಿದೆ. ಒಪ್ಪಿದರು. ಎರಡು ದಿನ ಬಿಟ್ಟು ನೋಡಿದರೆ ಮಾತಾಡುತ್ತ ಅಲ್ಲೇ ನಿಂತಿದ್ದರು, ತಾವು ನಡೆದು ಬಂದದ್ದು ಅವರಿಗೇ ಗೊತ್ತಿರಲಿಲ್ಲ. ಆಗ ನಾನು ಅವರಿಗೆ ಹೇಳುವುದನ್ನು ಬಿಟ್ಟು, ಹೊಸದೊಂದು ಆ್ಯಕ್ಸೆಸ್ ಪಾಯಿಂಟ್ ತರಿಸಿ ಆ ಕಿಟಕಿಯ ಮೇಲೆಯೇ ಕೂರಿಸಿದೆ. ಈ ನೌಕರಿ ನನಗೆ ಕಲಿಸಿದ್ದು ಇದು: ಖಾಲಿ ಕಾರಿಡಾರಿನಲ್ಲಿ, ನಾನು ನಿಲ್ಲುವ ಜಾಗದಲ್ಲಿ ಅಳೆದರೆ ಸಾಲದು. ಹೆದರಿದವರು ಎಲ್ಲಿಗೆ ಹೋಗಿ ನಿಲ್ಲುತ್ತಾರೋ ಅಲ್ಲಿ ಅಳೆಯಬೇಕು.

ಆದರೂ ನನ್ನ ಭಯ ಪೂರ್ತಿ ಹೋಗಿಲ್ಲ. ಈಗ ಭಾಲ್ಕಿಯ ಕ್ಲಿನಿಕ್ಕಿನಲ್ಲೂ ಹೆರಿಗೆ ವಾರ್ಡ್ ತೆರೆಯಲಿದ್ದಾರೆ. ಅಲ್ಲಿ ಶಕ್ತಿ ಸಮವಿದೆ, ಕಿಟಕಿಗೆ ಡಬ್ಬಿ ಇದೆ, ಬೆಲ್ಲೂ ಇದೆ. ಆದರೆ ಪರೀಕ್ಷೆ ಮಾಡುವಾಗ ಎರಡು ಸಲ, ಕಾರಿಡಾರಿನಲ್ಲಿ ಯಾರೂ ಇಲ್ಲದಾಗ, ಒಂದು ಕಡೆಯ ಮಾತು ಕೆಲವು ಸೆಕೆಂಡ್ ನಿಂತು ತಾನೇ ಮರಳಿತು. ಅಂಕಿಗಳಲ್ಲಿ ಏನೂ ಕಾಣಲಿಲ್ಲ. ನಿಮ್ಮ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಹೀಗಾಗಿದ್ದರೆ, ಯಾವ ಕಡೆಯ ದನಿ ಹೋಯಿತು, ಮಾತಾಡುತ್ತಿದ್ದವರು ಆಗ ಎಲ್ಲಿ ನಿಂತಿದ್ದರು ಎಂಬುದನ್ನು ಸೇರಿಸಿ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ವಾರ್ಡ್ ತೆರೆಯುವ ಮುಂಚೆ ಬರೆದರೆ ಉಪಕಾರವಾಗುತ್ತದೆ.