ಐನೂರಾ ಮೂರರ ಕರಿಬೇವು

ವೇದವಲ್ಲಿಯವರು ಸಭೆಗೆ ತಲೆ ಬಾಗಿಸಿದಾಗ ಅವರ ಹೆಗಲ ಮೇಲಿದ್ದ ಹಸಿರು ಹುಳು ತಲೆ ಎತ್ತಿತು. ಎತ್ತಿ ಸುಮ್ಮನಿರಲಿಲ್ಲ. ನೆತ್ತಿಯಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಹೊರಹಾಕಿತು. ಕೊಂಬಿನ ಹಿಂದೆಯೇ ವಾಸನೆ ಬಂತು. ಕೊಳೆತ ನಿಂಬೆಹಣ್ಣನ್ನು ಹಳೆಯ ಕಾಲುಚೀಲದೊಳಗಿಟ್ಟು ಮರೆತರೆ ಬರುತ್ತದಲ್ಲ, ಅಂಥದ್ದು.

ಇದು ನಡೆದದ್ದು ಟೋಕಿಯೋ ಪಕ್ಕದ ಇಚಿಕಾವಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ನಿವಾಸಿಗಳ ಸಂಘದ ಸಭೆಯಲ್ಲಿ. ಅಂದಿನ ವಿಷಯ, ಬಾಲ್ಕನಿ ಗಿಡಗಳಿಂದ ಹರಡುತ್ತಿರುವ ಹುಳುಗಳು. ಆಪಾದಿತನೇ ಯಾರೂ ಕರೆಯದೆ ಬಂದು ಎಲ್ಲರೆದುರು ಹೇಳಿಕೆ ಕೊಟ್ಟುಬಿಟ್ಟಿದ್ದ.

ಜಪಾನೀಯರ ಸಂಯಮ ದೊಡ್ಡದು. ಯಾರೂ ಮೂಗು ಮುಚ್ಚಲಿಲ್ಲ, ಮೂಗು ಮುರಿಯಲೂ ಇಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ಕಾರ್ಯಸೂಚಿಯನ್ನು ಮುಖಕ್ಕೆ ತೀರ ಹತ್ತಿರ ಹಿಡಿದು ಓದತೊಡಗಿದರು. ಇನ್ನೊಬ್ಬರು ಎದ್ದು, ಸುಮಿಮಾಸೆನ್ ಸುಮಿಮಾಸೆನ್ ಎಂದು ಸಾಲಿನಲ್ಲಿದ್ದ ಒಂದೊಂದು ಮೊಣಕಾಲಿಗೂ ಕ್ಷಮೆ ಕೇಳುತ್ತಾ ಹೋಗಿ ಕಿಟಕಿ ತೆರೆದರು. ಸೆಪ್ಟೆಂಬರಿನ ಸೆಕೆ, ಒಳಗೆ ಎ.ಸಿ. ಓಡುತ್ತಿದೆ. ಎ.ಸಿ. ಹಾಕಿಕೊಂಡು ಕಿಟಕಿ ತೆರೆಯುವುದು ನಮ್ಮ ಕಟ್ಟಡದಲ್ಲಿ ಕಳ್ಳತನಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ.

ವೇದವಲ್ಲಿಯವರಿಗೆ ಮಾತ್ರ ಏನೂ ಆದಂತಿರಲಿಲ್ಲ. ಪಕ್ಕದಲ್ಲಿದ್ದ ಮಗಳು ಲಾಸ್ಯಾ, ಭಾಷಾಂತರಕ್ಕೆಂದು ಬಂದವಳು, ಕಿವಿಯವರೆಗೂ ಕೆಂಪಾಗಿ ಪಿಸುಗುಟ್ಟಿದಳು.

"ಅಮ್ಮಾ, ಶೋಲ್ಡರ್! ಯುವರ್ ಶೋಲ್ಡರ್!"

"ಏನೇ? ಓ, ಇದಾ? ಇರ್ಲಿ ಬಿಡೇ, ಇದ್ರ ವಿಷಯಾನೇ ತಾನೆ ಮೀಟಿಂಗು. ಇದೂ ಕೇಳಿಸ್ಕೊಳ್ಲಿ."

ಎರಡು ಬೆರಳಲ್ಲಿ ಹುಳುವನ್ನೆತ್ತಿ ಅಂಗೈಯಲ್ಲಿ ಕೂರಿಸಿಕೊಂಡು, ಎಲ್ಲರೂ ಕಿಟಕಿಯ ಕಡೆ ವಾಲುತ್ತಿರುವುದನ್ನು ಹುಬ್ಬು ಗಂಟಿಕ್ಕಿ ನೋಡಿದರು. ಅದನ್ನು ಕೋಪವೆಂದೇ ನಾನು ತಿಳಿದೆ. ಅಲ್ಲವೆಂದು ಗೊತ್ತಾಗಲು ಸುಮಾರು ದಿನ ಹಿಡಿಯಿತು.

ವೇದವಲ್ಲಿ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. "ನಾನು ಗಾರ್ಡಿನ ಮಗಳು ಕಣ್ರೀ. ಕೆಂಪು ಬಾವುಟ ತೋರ್ಸಿದ್ರೆ ನಿಲ್ತೀನಿ. ಸುಮ್ನೆ ಕೆಮ್ಮಿದ್ರೆ ನಿಲ್ಲಲ್ಲ," ಎನ್ನುತ್ತಾರೆ. ಕೆಮ್ಮಿನಲ್ಲೇ ಎಲ್ಲವನ್ನೂ ಹೇಳಿ ಮುಗಿಸುವ ಈ ಊರಿಗೆ ಗಂಡ ಮಧುಕರ್ ಅವರ ಕೆಲಸದ ದೆಸೆಯಿಂದ ಬಂದು ಸೇರಿದರು. ಮಧುಕರ್ ಬಂದ ವರ್ಷವೇ ಕ್ಷಮೆ ಕೇಳುವುದನ್ನು ಕಲಿತರು. ಈಗ ಲಿಫ್ಟಿನ ಬಾಗಿಲಿಗೂ ತಲೆ ಬಾಗಿಸುತ್ತಾರೆ. ಹೆಂಡತಿ ಆ ಪಾಠಕ್ಕೆ ಗೈರುಹಾಜರು.

ಐದನೇ ಮಹಡಿಯ ಅವರ ಬಾಲ್ಕನಿಯಲ್ಲಿ ಒಂದು ಕರಿಬೇವಿನ ಗಿಡವಿದೆ. ಓಕಿನಾವಾದ ನರ್ಸರಿಯೊಂದರಿಂದ ಬೆರಳುದ್ದದ ಸಸಿ ತರಿಸಿ ಬೆಳೆಸಿದ್ದು. ಚಳಿಗಾಲದಲ್ಲಿ ಅದು ಹಾಲ್‌ಗೆ ಬರುತ್ತದೆ, ಹೀಟರಿನ ಪಕ್ಕದ ಜಾಗ ಅದಕ್ಕೆ, ಮಧುಕರ್ ಬಾಗಿಲ ಹತ್ತಿರ. ಇಲ್ಲಿನ ಅಂಗಡಿಗಳಲ್ಲಿ ಒಣಕಲು ಕರಿಬೇವು ಸಿಗುತ್ತದೆ. ಅದನ್ನು ಒಗ್ಗರಣೆಗೆ ಹಾಕುವುದೂ ಹಳೆಯ ರೈಲು ಟಿಕೆಟ್ಟು ಹರಿದು ಹಾಕುವುದೂ ಒಂದೇ. ಹಾಗಾಗಿ ತೋಜಾಯ್ ಮೆಟ್ರೋ ಲೈನಿನ ಉದ್ದಕ್ಕೂ ಇರುವ ಕನ್ನಡದ ಮನೆಗಳವರು ಶನಿವಾರ ಬಂತೆಂದರೆ ಐನೂರಾ ಮೂರರ ಬಾಗಿಲಲ್ಲಿ ಇರುತ್ತಿದ್ದರು. ವೇದವಲ್ಲಿ ಯಾರಿಗೂ ಇಲ್ಲವೆನ್ನರು. ಆದರೆ ಒಂದು ನಿಯಮ. ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಬಂದವರ ಮೂಗಿಗೆ ಹಿಡಿದು, "ಹೆಂಗಿದೆ? ಹೇಳ್ರೀ, ಹೆಂಗಿದೆ?" ಎಂದು ಕೇಳುವರು. ಬಂದವರು ಹೊಗಳಿದ ಮೇಲೆಯೇ ಕಡ್ಡಿ ಕೈಗೆ ಬರುತ್ತಿತ್ತು. ಆ ಮನೆಯ ಘಮದಲ್ಲಿ ಒಂದಿಷ್ಟು ಘಮಂಡಿಯೂ ಬೆರೆತಿದೆ ಎಂದು ನಾನೇ ಆಡಿಕೊಂಡಿದ್ದೆ.

ಆ ಬೇಸಿಗೆ ಗಿಡಕ್ಕೆ ಬೇರೆ ಗಿರಾಕಿಗಳೂ ಬಂದರು. ಹಳದಿ ಕಪ್ಪು ಪಟ್ಟೆಯ ದೊಡ್ಡ ಚಿಟ್ಟೆ, ಇಲ್ಲಿಯವರು ಅಗೆಹಾ ಎನ್ನುತ್ತಾರೆ, ಎಲೆಗಳ ಮೇಲೆ ಮೊಟ್ಟೆಯಿಟ್ಟು ಹೋಯಿತು. ಹುಳುಗಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡವು, ಆಮೇಲೆ ಹಸಿರಾಗಿ ಬೆರಳು ಗಾತ್ರಕ್ಕೆ ಊದಿದವು. ಊಟ ಮುಗಿದ ಮೇಲೆ ಕೋಶ ಕಟ್ಟಲು ಜಾಗ ಹುಡುಕುತ್ತಾ ಬಾಲ್ಕನಿಯ ಕಂಬಿ ಇಳಿದು ಕೆಳಗಿನ ಮನೆಗಳ ಕಡೆ ಹೊರಟವು.

ಮರುವಾರ ಲಿಫ್ಟಿನಲ್ಲಿ ನೋಟೀಸು ಅಂಟಿತು. "ಕೆಲವು ನಿವಾಸಿಗಳ ಬಾಲ್ಕನಿಯ ಗಿಡಗಳಿಂದ ಹುಳುಗಳು ಬರುತ್ತಿರುವುದಾಗಿ ತಿಳಿದುಬಂದಿದೆ. ಎಲ್ಲರೂ ದಯವಿಟ್ಟು ಗಮನಿಸಬೇಕಾಗಿ ವಿನಂತಿ." ಯಾರು ಬರೆದರು, ಯಾರಿಗೆ ಬರೆದರು, ಒಂದೂ ಇಲ್ಲ. ಇಲ್ಲಿಯ ಪದ್ಧತಿಯೇ ಹಾಗೆ. ದೂರು ಗಾಳಿಯಲ್ಲಿ ತೇಲಬೇಕು, ಮುಟ್ಟಬೇಕಾದವರಿಗೆ ತಾನಾಗಿ ಮುಟ್ಟಬೇಕು. ನನಗೇನೂ ಹೊಸದಲ್ಲ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ "ಸಮ್ ಗರ್ಲ್ಸ್ ಆರ್ ಟಾಕಿಂಗ್" ಎಂದರೆ ಇಡೀ ತರಗತಿ ನನ್ನ ಕಡೆ ತಿರುಗುತ್ತಿತ್ತು. ಹೀಗೆ ಸಿಕ್ಕಿಬಿದ್ದವರು ಮಾಡಬೇಕಾದದ್ದೂ ಗೊತ್ತಾದದ್ದೇ: ರಾತ್ರೋರಾತ್ರಿ ಗಿಡ ಮಾಯ, ಬೆಳಗ್ಗೆ ಎಲ್ಲರಿಗೂ ಓಹಾಯೋ ಎಂಬ ನಮಸ್ಕಾರ.

ಆ ಭಾನುವಾರ ಊಟಕ್ಕೆ ಗಿರಿಧರ್ ಬಂದಿದ್ದ. ಮಧುಕರ್ ಅವರ ಚಿಕ್ಕಮ್ಮನ ಮಗ, ವಾಕೋ ಎಂಬ ಊರಿನಲ್ಲಿ ಸಸ್ಯಗಳ ಮೇಲೆ ಸಂಶೋಧನೆ ಮಾಡುತ್ತಾನೆ. ನನಗೂ ಬಿಸಿಬೇಳೆಬಾತಿನ ಕರೆ ಇತ್ತು. ನೋಟೀಸಿನ ಕಥೆ ಕೇಳಿ ಅವನು ತಟ್ಟೆ ಹಿಡಿದುಕೊಂಡೇ ಬಾಲ್ಕನಿಗೆ ಹೋದ.

"ಅತ್ತಿಗೆ, ಚಿಟ್ಟೆಗೆ ರುಚಿ ಗೊತ್ತಾಗೋದು ಕಾಲಲ್ಲಿ. ಎಲೆ ಮೇಲೆ ಕೂತು ಮುಂಗಾಲಲ್ಲಿ ತಬಲಾ ಬಾರ್ಸುತ್ತೆ. ಕೆಮಿಕಲ್ ಮ್ಯಾಚ್ ಆದ್ರೆ ಮಾತ್ರ ಮೊಟ್ಟೆ. ಕಿತ್ತಳೆ, ನಿಂಬೆ, ಕರಿಬೇವು ಎಲ್ಲ ಒಂದೇ ಫ್ಯಾಮಿಲಿ. ಈ ಇಚಿಕಾವಾ ಚಿಟ್ಟೆ ಹುಟ್ಟಿದಾಗಿಂದ ಕರಿಬೇವು ನೋಡಿರಲ್ಲ, ಆದ್ರೂ ಕಾಲಿಟ್ಟ ತಕ್ಷಣ ನಮ್ಮೋರ ಮನೆ ಅಂತ ಗೊತ್ತಾಗಿದೆ."

"ನಮ್ಮೋರೂ ಅಷ್ಟೇ ಕಣೋ. ಲಿಫ್ಟಿಂದ ಕಾಲಿಟ್ಟೋರು ಮನೆ ನಂಬರ್ ಕೇಳೋದೇ ಇಲ್ಲ."

"ಇನ್ನೊಂದ್ ಕೇಳಿ. ಹುಳ ಎಲೆ ಕಚ್ಚಿದಾಗ ಎಷ್ಟೋ ಗಿಡಗಳು ಗಾಳಿಗೆ ಒಂಥರಾ ವಾಸನೆ ಬಿಡ್ತವೆ. ಅದು ತಾಗಿದ ಪಕ್ಕದ ಗಿಡ ಹುಷಾರಾಗಿ ತನ್ನ ಎಲೆ ಕಹಿ ಮಾಡ್ಕೊಳ್ಳುತ್ತೆ. ಸಣ್ಣ ಕಣಜಗಳು ಅದೇ ವಾಸನೆ ಹಿಡ್ಕೊಂಡು ಹುಳನ ಬೇಟೆಗೆ ಬರ್ತವೆ. ಅದಕ್ಕೇ ಹೇಳೋದು, ಔಷಧಿ ಹೊಡೀಬೇಡಿ. ಕಣಜನೂ ಸಾಯುತ್ತೆ, ಆ ಎಲೆ ನೀವೂ ತಿನ್ನೋ ಹಾಗಿಲ್ಲ."

ನಾವು ಗಾಳಿಮಾತು ಎಂದು ತಳ್ಳಿಹಾಕುವುದು ಸಸ್ಯಗಳಿಗೆ ಆಡಳಿತ ಭಾಷೆ ಎಂದು ನನಗೆ ಅಂದು ತಿಳಿಯಿತು.

"ಅಂದ್ರೆ ಗಿಡ ಸುಮ್ನೆ ಕಚ್ಚಿಸ್ಕೊಂಡು ಕೂರಲ್ಲ," ಎಂದರು ವೇದವಲ್ಲಿ.

"ಇಲ್ಲ ಅತ್ತಿಗೆ. ಕೂಗುತ್ತೆ. ಸದ್ದು ಮಾತ್ರ ಇರಲ್ಲ."

"ಹೆಸ್ರು ಹೇಳಿ ಕೂಗುತ್ತಾ?"

"ಹಾಗೂ ಅನ್ನಬಹುದು. ಈ ವಾಸನೆ ಇಂಥಾ ಗಿಡದ್ದು ಅಂತ ಗೊತ್ತಾಗುತ್ತಲ್ಲ."

ಗಿರಿಧರ್ ವಾಕೋಗೆ ಹೋದ, ಹೋಗುವಾಗ ಅತ್ತಿಗೆಯ ತಲೆಗೆ ಹುಳ ಬಿಟ್ಟೇ ಹೋದ. ಮರುದಿನ ಬೆಳಗ್ಗೆ ಲಿಫ್ಟಿನ ನೋಟೀಸಿನ ಕೆಳಗೆ ಇನ್ನೊಂದು ಚೀಟಿ ಕಂಡಿತು. ಅಕ್ಷರ ಲಾಸ್ಯಾಳದು, ಮಾತು ಅವಳಮ್ಮನದು. "ಆ ಕೆಲವು ನಿವಾಸಿಗಳು ನಾನೇ. ಐನೂರಾ ಮೂರು, ವೇದವಲ್ಲಿ. ಹೇಳುವುದಿದ್ದರೆ ಬೆಲ್ ಒತ್ತಿ. ಕಾಫಿ ಇದೆ."

ಕಟ್ಟಡ ತತ್ತರಿಸಿತು. ಭೂಕಂಪವಾದರೆ ಏನು ಮಾಡಬೇಕೆಂದು ಇಲ್ಲಿ ಮಕ್ಕಳಿಗೂ ಗೊತ್ತು. ದೂರಿಗೆ ಸಹಿ ಹಾಕಿ ಉತ್ತರ ಕೊಡುವ ಹೆಂಗಸು ಬಂದರೆ ಏನು ಮಾಡಬೇಕೆಂದು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಜನ ಲಿಫ್ಟಿನಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಲ್ಲತೊಡಗಿದರು. ಬೆಲ್ ಒತ್ತುವವರು ಇಲ್ಲ. ಮಧುಕರ್ ಕಚೇರಿಗೆ ಮೆಟ್ಟಿಲಿಳಿದು ಹೋಗುವ ವ್ಯಾಯಾಮ ಶುರುಮಾಡಿದರು.

"ವೇದಾ, ಗಿಡನ ಯಾರಿಗಾದ್ರೂ ಕೊಟ್ಬಿಡೋಣ ಕಣೇ. ಶಾಂತಿಯಾಗಿರ್ಬೋದು."

"ನಿಮಗೆ ಶಾಂತಿ ಬೇಕಿದ್ರೆ ಸ್ಟೇಷನ್ ಹಿಂದೆ ದೇವಸ್ಥಾನ ಇದೆ, ಹೋಗ್ಬನ್ನಿ. ಗಿಡ ಇಲ್ಲೇ ಇರುತ್ತೆ."

ಬಾಯಿ ಬಿಟ್ಟು ಹೇಳಲಾಗದ ಸಂಘ ಕೊನೆಗೆ ಸಭೆ ಕರೆಯಿತು. ಹುಳುವೂ ಹಾಜರಾದ ಸಭೆ ಅದೇ.

ಅಧ್ಯಕ್ಷ ಓಕಾದಾ-ಸಾನ್ ಮೃದುವಾಗಿ ವಿಷಯ ಮಂಡಿಸಿದರು. ಬೆಂಕಿ ಬಿದ್ದಾಗ ಕೆಳಗಿನ ಮನೆಗೆ ಇಳಿಯುವ ಕಿಂಡಿಯ ಪಕ್ಕದಲ್ಲೇ ಕುಂಡವಿದೆ. ಹುಳು ನಾನೂರಾ ಮೂರರ ಬಟ್ಟೆ ಒಣಹಾಕುವ ಗಳುವಿನ ಮೇಲೆ ಕಂಡುಬಂದಿದೆ. ಆದ್ದರಿಂದ ಕೀಟನಾಶಕ ಹೊಡೆಯಬಹುದೇ, ಇಲ್ಲವೇ ತಿಂಗಳೊಳಗೆ ಗಿಡ ತೆಗೆಯಬಹುದೇ, ದಯವಿಟ್ಟು ಯೋಚಿಸಬೇಕು.

ವೇದವಲ್ಲಿ ಅಂಗೈಯ ಹುಳುವಿನೊಂದಿಗೆ ಮಾತಿಗೆ ನಿಂತರು. "ಕಿಂಡಿ ಮಾತು ನ್ಯಾಯ. ಇವತ್ತೇ ಕುಂಡ ಸರಿಸ್ತೀನಿ. ಔಷಧಿ ಹೊಡೆಯಲ್ಲ, ಅದನ್ನ ತಿನ್ನೋರು ನಾವು. ಗಿಡ ತೆಗೆಯಲ್ಲ. ಹೆಸ್ರು ಹೇಳದೆ ನೋಟೀಸ್ ಹಚ್ಚೋದಕ್ಕೆ ನಾನು ಹೆದ್ರಲ್ಲ. ಒಂದು ಗಿಡಕ್ಕಿರೋ ಧೈರ್ಯ ಇಷ್ಟ್ ದೊಡ್ಡ ಬಿಲ್ಡಿಂಗಿಗೆ ಇಲ್ವಾ ಅಂತ ಕೇಳೇ."

ಲಾಸ್ಯಾ ಉಸಿರೆಳೆದುಕೊಂಡು ಜಪಾನೀಯಲ್ಲಿ ಹೇಳಿದಳು: "ಅಮ್ಮನಿಗೆ ತುಂಬಾ ಬೇಸರವಾಗಿದೆ. ಗಿಡದ ವಿಷಯ ಸ್ವಲ್ಪ ಕಷ್ಟ ಎನ್ನುತ್ತಿದ್ದಾರೆ."

"ಇಷ್ಟೇನಾ? ನಾನ್ ಅಷ್ಟುದ್ದ ಹೇಳ್ದೆ!"

"ಅಮ್ಮಾ, ಐ ಕಾಂಟ್ ಸೇ ದಟ್ ಇನ್ ಜಾಪನೀಸ್! ಅದಕ್ಕೆ ವರ್ಡ್ಸೇ ಇಲ್ಲ!"

ವೇದವಲ್ಲಿ ಮಗಳನ್ನು ಕೂರಿಸಿದರು. ತಾವೇ ಅಧ್ಯಕ್ಷರ ಕಡೆ ತಿರುಗಿ, ತಮ್ಮಲ್ಲಿದ್ದಷ್ಟು ಜಪಾನೀ ಭಾಷೆಯನ್ನು ಒಟ್ಟು ಮಾಡಿ, ಸ್ಟೇಷನ್ನಿನಲ್ಲಿ ರೈಲು ಬರುವುದನ್ನು ಸಾರುವವರಂತೆ ನುಡಿದರು. "ಗಿಡ ಹೋಗಲ್ಲ. ನಾನು ಹೋಗಲ್ಲ. ಔಷಧಿ ಇಲ್ಲ. ಹೆಸರು ವೇದವಲ್ಲಿ. ನಿಮ್ಮ ಹೆಸರು ಏನು?"

ಯಾರನ್ನು ಕೇಳಿದರೋ ಯಾರಿಗೂ ತಿಳಿಯಲಿಲ್ಲ. ಎ.ಸಿ.ಯ ತಂಪೆಲ್ಲ ಕಿಟಕಿಯಿಂದ ಹೊರಗೆ ಹೋಗುತ್ತಲೇ ಇತ್ತು.

ಆಗ ಹಿಂದಿನ ಸಾಲಿನಿಂದ ಒಬ್ಬ ವೃದ್ಧೆ ಎದ್ದು ನಿಂತರು. ಬಟ್ಟೆ ಕ್ಲಿಪ್ಪಿನಷ್ಟು ಸಣ್ಣ ಜೀವ.

"ಹಿರಾನೋ. ನಾನೂರಾ ಮೂರು," ಎಂದರು. "ದೂರು ಕೊಟ್ಟವಳು ನಾನು. ಚೀಟಿ ನೋಡಿ ಬೆಲ್ ಒತ್ತಲು ಹೋದೆ, ಧೈರ್ಯ ಸಾಲದೆ ವಾಪಸು ಬಂದೆ. ಹುಳು ನನಗೆ ಇಷ್ಟವಿಲ್ಲ. ಕೆಳಗೆ ಇಳಿಯದಂತೆ ಬಲೆ ಕಟ್ಟಬೇಕೆಂದು ಕೇಳಿದ್ದೆ. ಗಿಡ ತೆಗೆಸಿ ಎಂದು ನಾನು ಹೇಳಲೇ ಇಲ್ಲ, ಓಕಾದಾ-ಸಾನ್."

ಪಕ್ಕದ ಗಿಡಕ್ಕೆ ತಾಗಿತ್ತು!

ಓಕಾದಾ-ಸಾನ್ ಹಣೆ ಒರೆಸಿಕೊಂಡರು. ವೇದವಲ್ಲಿ ನೇರ ಹಿರಾನೋ-ಸಾನ್ ಮುಂದೆ ಹೋಗಿ, ಬೆನ್ನು ಅರ್ಧಕ್ಕೆ ಮಡಿಸಿ ನಮಸ್ಕರಿಸಿದರು. ಅವರು ಅಷ್ಟು ಬಾಗಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. "ಬಲೆ ಕಟ್ತೀನಿ. ನಾಳೇನೇ. ನೀವು ಹೇಳಿದ್ರಲ್ಲ, ಸಾಕು." ಇದನ್ನು ಲಾಸ್ಯಾ ಒಂದಕ್ಷರ ಬಿಡದೆ ಭಾಷಾಂತರಿಸಿದಳು. ಗಿಡ ತೆಗೆಯುವ ವಿಚಾರವನ್ನು ಮುಂದೊಮ್ಮೆ ಪರಿಶೀಲಿಸೋಣ ಎಂದು ಅಧ್ಯಕ್ಷರು ಸಭೆ ಮುಗಿಸಿದರು. ಈ ದೇಶದಲ್ಲಿ ಪರಿಶೀಲನೆಗೆ ಹೋದದ್ದು ಪರಲೋಕಕ್ಕೆ ಹೋದಂತೆಯೇ.

ಬಲೆ ಬಂತು, ಕುಂಡ ಸರಿಯಿತು. ಹುಳುಗಳು ಈಗ ಬಲೆಯೊಳಗೇ ಕೋಶ ಕಟ್ಟುತ್ತವೆ. ಚಿಟ್ಟೆ ಹೊರಬಂದರೆ ವೇದವಲ್ಲಿ ಬಲೆಯ ಮೂಲೆ ಎತ್ತಿ ಹಾರಿಬಿಡುತ್ತಾರೆ, ಅದೂ ಓಕಾದಾ-ಸಾನ್ ಮನೆಯ ದಿಕ್ಕಿಗೆ. ಲಿಫ್ಟಿನ ಚೀಟಿಯನ್ನು ಯಾರೋ ತೆಗೆದರು, ಇವರು ಮತ್ತೆ ಅಂಟಿಸಿದರು.

ಶನಿವಾರದ ದರ್ಬಾರು ಮೊದಲಿನಂತೆಯೇ ನಡೆಯಿತು. ಒಂದು ಶನಿವಾರ ಎಲ್ಲರೂ ಹೋದ ಮೇಲೆ ನಾನು ಉಳಿದುಕೊಂಡೆ. ವೇದವಲ್ಲಿ ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುತ್ತಾ, ಎಂದಿನಂತೆ ಮಗಳನ್ನು ಕರೆದರು. "ಲಾಸ್ಯಾ, ಬಂದು ನೋಡೇ, ಸಾಸಿವೆ ಸೀದೋಯ್ತಾ?" ಅವಳು ಬಂದು ಮೂಸಿ, "ದಾಯ್ಜೋಬು, ಸೀದಿಲ್ಲ," ಎಂದು ಹೋದಳು. ಎಣ್ಣೆಗೆ ಎಲೆ ಬಿತ್ತು. ಚಟಪಟ ಸದ್ದಿನೊಂದಿಗೆ ಎದ್ದ ಆ ಪರಿಮಳಕ್ಕೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕಟ್ಟಡವನ್ನೇ ಎದುರು ಹಾಕಿಕೊಂಡ ಹೆಂಗಸಿನ ಗುಟ್ಟು ಈ ಘಮದಲ್ಲೇ ಇರಬೇಕು, ಬರೆದರೆ ಇದನ್ನೇ ಬರೆಯಬೇಕು ಎನ್ನಿಸಿತು. ಗಂಟಲು ಸರಿಪಡಿಸಿಕೊಂಡು ಕೇಳಿದೆ.

"ವೇದಾ ಅವ್ರೇ, ನಿಜ ಹೇಳಿ. ಈ ವಾಸನೆ ಬಂದಾಗ ನಿಮಗೆ ಏನನ್ಸುತ್ತೆ?"

ಅವರು ಸೌಟಿನಲ್ಲಿ ಬಾಣಲೆಯ ಅಂಚು ಕೆರೆದರು.

"ಏನೂ ಇಲ್ಲ ಕಣ್ರೀ. ಕೋವಿಡ್ ಬಂದೋದ್ಮೇಲೆ ನನಗೆ ಒಂದು ವಾಸನೇನೂ ಗೊತ್ತಾಗಲ್ಲ. ಅದ್ಸರಿ, ಅವತ್ತು ಮೀಟಿಂಗಲ್ಲಿ ಎ.ಸಿ. ಹಾಕ್ಕೊಂಡು ಆ ಕಿಟಕಿ ಯಾಕ್ರೀ ತೆಗೆದ್ರು?"