ವಾಸನೆಯಿಲ್ಲದ್ದು

ಬೆಸೆಂಟ್ ನಗರದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಉಡುಪಿಯ ಯಜಮಾನರೊಬ್ಬರು ಹಸಿ ಹಾಲಿನಿಂದ ಚೀಸ್ ಮಾಡುತ್ತಿದ್ದರು. ಹೋಟೆಲಿನ ಮನೆತನ; ಹಾಲು ಕೆಟ್ಟಿದ್ದನ್ನು ಮನೆಮಂದಿಯೆಲ್ಲ ಮೂಗಿನಿಂದಲೇ ಹೇಳುವವರು. ಆದರೆ ಹೊಸ ಚೀಸ್ ಗಟ್ಟಿಯನ್ನು ಯಾರಾದರೂ ಮೂಸಲು ಬಗ್ಗಿದರೆ ಅವರು ಅಂಗೈ ಅಡ್ಡ ಹಿಡಿಯುತ್ತಿದ್ದರು.

"ಮೂಸಿದ್ರೆ ಗೊತ್ತಾಗುದಿಲ್ಲ ಮಾರಾಯ್ರೆ, ಹಸಿ ಹಾಲಲ್ಲಿ ಬರುವ ಕ್ರಿಮಿಗೆ ವಾಸನೆಯೇ ಇಲ್ಲ."

ಹಾಲು ಸೋಸುವ ಬಟ್ಟೆಗಳನ್ನು ಕುದಿಸುವರು, ಮೊಣಕೈವರೆಗೆ ತೊಳೆದುಕೊಳ್ಳುವರು. ಲ್ಯಾಬಿನವರು ಪರೀಕ್ಷಿಸಿ ಸರಿಯಿದೆ ಎನ್ನುವ ತನಕ ಒಂದು ಚೂರನ್ನೂ ಯಾರಿಗೂ ಕೊಡುತ್ತಿರಲಿಲ್ಲ.

ತಮಿಳರ ನಡುವೆಯೇ ಬೆಳೆದು, ಸೀಮಂತಕ್ಕೆ ತವರಿಗೆ ಬಂದ ಮಗಳು, "ಕೊಂಜಂ ತಾನ್ ಮಾ" ಎಂದು ತಾಯಿಯ ಬಳಿ ತಮಿಳಿನಲ್ಲೇ ಒಂದಿಷ್ಟು ಚೀಸ್ ಕೇಳಿದಳು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಆ ಮನೆಯಲ್ಲಿ ಯಾರೂ ಇಲ್ಲವೆಂದವರಲ್ಲ. ಯಜಮಾನರು ಹಾಲು ತರಲು ಹೋಗಿದ್ದರು. ಹೆಂಡತಿ, ಲ್ಯಾಬಿನ ಉತ್ತರ ಇನ್ನೂ ಬಾರದ ಹೊಸ ಗಟ್ಟಿಯಿಂದ ತುಂಡೊಂದನ್ನು ಕೊಯ್ದು, ಮೂಸಿ ನೋಡಿ, ಮಗಳ ಕೈಗಿಟ್ಟರು.

ಕೆಲವು ವಾರಗಳ ಮೇಲೆ ಮಗಳಿಗೆ ಜ್ವರ ಬಂತು. ಮಗು ಹೊಟ್ಟೆಯಲ್ಲೇ ತೀರಿಹೋಯಿತು. ಡಾಕ್ಟರು ಹೇಳಿದ್ದು ಅದೇ ಕ್ರಿಮಿಯ ಹೆಸರು.

ನಾನು ಮಾತಾಡಿಸಲು ಹೋದಾಗ ಅವರು ಹಿತ್ತಲಿನ ಹೊಂಡಕ್ಕೆ ಗಟ್ಟಿಗಳನ್ನೆಲ್ಲ ಹಾಕಿ, ಬ್ಲೀಚಿಂಗ್ ಪುಡಿ ಸುರಿದು, ಮಣ್ಣು ಎಳೆಯುತ್ತಿದ್ದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ಒಳ್ಳೆ ಪರಿಮಳವೇ ಇತ್ತಲ್ಲ?" ಎಂದರು.

ಅವರು ತಲೆಯೆತ್ತಲಿಲ್ಲ.

"ಇತ್ತು ಮಾರಾಯ್ತಿ, ಇತ್ತು."