ಹನ್ನೆರಡು ನಿಮಿಷದ ಅಕ್ಕ

ವರ್ತಕ ನಗರದ ಜಯಲತಾ ತನ್ನ ಅವಳಿ ಹೆಣ್ಣುಮಕ್ಕಳ ವಿಚಾರದಲ್ಲಿ ಒಂದೇ ಮಾತನ್ನು ನೂರು ಸಲವಾದರೂ ಹೇಳಿರಬಹುದು: ಅಶ್ಮಿತಾ ಇದ್ದಾಳಲ್ಲ, ನನಗೆ ಪ್ರಣೀತಾಳ ಚಿಂತೆ ಇಲ್ಲ. ಹನ್ನೆರಡು ನಿಮಿಷ ಮೊದಲು ಹುಟ್ಟಿದ ತಪ್ಪಿಗೆ ಅಶ್ಮಿತಾ ಮಾತು ಬಂದಾಗಿನಿಂದಲೇ ಅಕ್ಕನಾಗಿಬಿಟ್ಟಿದ್ದಳು. ಪ್ರಣೀತಾ ಹುಟ್ಟುವಾಗ ಒಂದೂಮುಕ್ಕಾಲು ಕಿಲೋ. ಇಪ್ಪತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸು ಅದು. ಅಂದಿನ ಹೆದರಿಕೆ ತಾಯಿಯನ್ನು ಬಿಟ್ಟು ಹೋಗಲೇ ಇಲ್ಲ.

ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಪ್ರಣೀತಾ ಟೀಚರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅಕ್ಕನ ಕಿವಿಯಲ್ಲಿ ತುಳುವಿನಲ್ಲಿ ಉಸುರುವಳು. ಅಶ್ಮಿತಾ ಎದ್ದು ನಿಂತು ಅದನ್ನು ಹಿಂದಿಯಲ್ಲಿ ಟೀಚರಿಗೆ ಮುಟ್ಟಿಸುವಳು. ತಂಗಿಗೆ ನೀರು ಬೇಕು, ತಂಗಿಗೆ ಹೊಟ್ಟೆನೋವು, ತಂಗಿಗೆ ಲೆಕ್ಕ ಅರ್ಥವಾಗಲಿಲ್ಲ. ಜಯಲತಾಳಿಗೆ ಇದು ಬಹಳ ಚಂದ ಕಾಣುತ್ತಿತ್ತು, ಉಡುಪಿಯ ತವರಿಗೆ ಫೋನು ಮಾಡಿದಾಗಲೆಲ್ಲ ಹೇಳಿ ನಗುತ್ತಿದ್ದಳು. ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅಶ್ಮಿತಾಳ ವಿಚಾರಣೆ ಶುರು: ತಂಗಿ ಡಬ್ಬಿ ಖಾಲಿ ಮಾಡಿದಳಾ, ಅತ್ತಳಾ, ಯಾರಾದರೂ ದೂಡಿದರಾ? ಪೊಲೀಸರೂ ಅಷ್ಟು ಕೇಳುವುದಿಲ್ಲ.

ಈ ವರ್ಷ ಮೂರನೆಯ ತರಗತಿಗೆ ಹೋಗುವ ಮುಂಚೆ ಸೋನಾಲಿ ಟೀಚರ್ ಕರೆಸಿ, ಇಬ್ಬರನ್ನೂ ಬೇರೆ ಬೇರೆ ವಿಭಾಗಕ್ಕೆ ಹಾಕೋಣವೇ ಎಂದು ಕೇಳಿದರು. ತಂದೆತಾಯಿ ಹೇಳಿದಂತೆಯೇ ಆಗುತ್ತದೆ, ಶನಿವಾರದೊಳಗೆ ಈ ಫಾರಂ ತುಂಬಿ ಕೊಡಿ ಎಂದರು. ಘೋಡಬಂದರ್ ರಸ್ತೆಯ ಹೋಟೆಲಿನಲ್ಲಿ ಮ್ಯಾನೇಜರಾಗಿರುವ ಗಂಡ ಜಯಶೀಲ, "ನೀನೇ ನೋಡು ಮಾರಾಯ್ತಿ" ಎಂದು ಜಾರಿಕೊಂಡ. ಜಯಲತಾ ಆ ಫಾರಂ ಬ್ಯಾಗಿನಲ್ಲಿಟ್ಟುಕೊಂಡು ಮೂರು ದಿನ ತಿರುಗಿದಳು. ಬೇರೆ ಮಾಡಿದರೆ ಪ್ರಣೀತಾ ಮೂಲೆ ಹಿಡಿಯುತ್ತಾಳೆ. ಮಾಡದಿದ್ದರೆ ಎಂದೆಂದಿಗೂ ಬಾಯಿ ಬಿಡುವುದಿಲ್ಲ. ಹೇಗೆ ತೂಗಿದರೂ ತಕ್ಕಡಿಯಲ್ಲಿ ಕೂತಿದ್ದವಳು ಪ್ರಣೀತಾ ಒಬ್ಬಳೇ. ಕೊನೆಗೆ ಬೇರೆ ಮಾಡಿ ಎಂದು ಸಹಿ ಹಾಕಿದಳು. ಹಾಕಿದ ಮೇಲೆ ಎಳೆಗೂಸನ್ನು ದಾರಿಯಲ್ಲಿ ಬಿಟ್ಟು ಬಂದವಳಂತೆ ರಜೆಯುದ್ದಕ್ಕೂ ಒದ್ದಾಡಿದಳು.

ಜೂನಿನಲ್ಲಿ ಶಾಲೆ ಶುರುವಾದ ದಿನ ಅರ್ಧ ದಿನ ರಜೆ ಹಾಕಿ ಗೇಟಿನ ಬಳಿ ನಿಂತಳು. ಪ್ರಣೀತಾ ಹೊಸ ಗೆಳತಿಯ ಜತೆ ಹಿಂದಿಯಲ್ಲಿ ಚಟಪಟ ಮಾತಾಡುತ್ತ ಬಂದಳು. ಇಷ್ಟು ವರ್ಷ ಆ ಮಾತೆಲ್ಲ ಎಲ್ಲಿತ್ತೋ! ಜಯಲತಾಳ ಜೀವ ತಂಪಾಯಿತು. ಕೊನೆಯಲ್ಲಿ ತಲೆ ತಗ್ಗಿಸಿಕೊಂಡು ಅಶ್ಮಿತಾ ಬಂದಳು. ಪ್ರಣೀತಾ ಎದುರಿಗೇ ಇದ್ದರೂ ತಾಯಿ ಅಭ್ಯಾಸಬಲದಿಂದ ಕೇಳಿದ್ದು ಅಶ್ಮಿತಾಳನ್ನೇ, ತಂಗಿ ಊಟ ಮಾಡಿದಳಾ ಎಂದು.

ಅಶ್ಮಿತಾಳ ಕಣ್ಣು ತುಂಬಿತು. "ಬೈಬೇಡ ಅಮ್ಮ. ಇವತ್ತು ನಾನು ಅವಳನ್ನು ನೋಡ್ಲಿಕ್ಕೆ ಹೋಗ್ಲಿಲ್ಲ. ರೀಸೆಸಲ್ಲಿ ನನ್ನ ಕ್ಲಾಸಿನವರು ಆಟಕ್ಕೆ ಕರೆದ್ರು, ಹೋದೆ. ನಾಳೆಯಿಂದ ಆಟಕ್ಕೆ ಹೋಗುದಿಲ್ಲ."

ಎಂಟು ವರ್ಷದ ಮಗಳು ಆಟವಾಡಿದ್ದಕ್ಕೆ ಕ್ಷಮೆ ಕೇಳುತ್ತಿದ್ದಳು. ಅದು ತಪ್ಪೆಂದು ಕಲಿಸಿದವಳು ತಾನೇ, ದಿನಾ ಸಂಜೆ, ತಪ್ಪದೆ. ಜಯಲತಾ ಗೇಟಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಮಗಳ ಕೈ ಹಿಡಿದು, ಏನು ಆಟ ಆಡಿದ್ದು ಮಗಾ ಎಂದು ಕೇಳಿದಳು.

ಅಶ್ಮಿತಾ ತಂಗಿಯನ್ನೊಮ್ಮೆ ನೋಡಿದಳು, ತಾಯಿಯನ್ನೊಮ್ಮೆ ನೋಡಿದಳು.

"ನನ್ನದಾ ಕೇಳುದು?"